ಹತ್ತು ಚೈನಿನೊಳಗೆ ಒಂದು ರೂಮು

ನಮ್ಮ ಸೋದರಮಾವ ಚಲುವಯ್ಯನವರು ಕಾಫಿ ಎಸ್ಟೇಟಿನ ರೈಟರಾಗಿ ಮೂವತ್ತು ವರ್ಷದ ನೌಕರಿಯಲ್ಲಿ ಸುಣ್ಣದ ಡಬ್ಬಿಯನ್ನು ಎಸ್ಟೇಟಿನ ಗೇಟು ದಾಟಿಸಿದ್ದು ಒಂದೇ ಒಂದು ಸಲ. ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಆಲೂರಿಗೆ ರೈಲು ಬಂತು. ಹಳಿ, ಹೊಗೆ, ಗಾರ್ಡು ಯಾವುದೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಬಂದದ್ದಂತೂ ಸುಳ್ಳಲ್ಲ. ಆ ರೈಲಿಗೆ ಹೆದರಿ ಗುರುಶಾಂತಮ್ಮನವರು ತಮ್ಮ ಮನೆಯ ಹೆಂಚು ಇಳಿಸಿದ್ದನ್ನು ನಾನು ಸುಣ್ಣದ ಡಬ್ಬಿ ಹಿಡಿದುಕೊಂಡು ನಿಂತು ನೋಡಿದ್ದೇನೆ.

ಅರವತ್ತೆರಡನೇ ಇಸವಿ ಜೂನ್ ತಿಂಗಳು. ನಮ್ಮ ಎಸ್ಟೇಟಿನಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದ ಹುಡುಗಿಯರು ಇಬ್ಬರೇ. ರೈಟರ ಅಕ್ಕನ ಮಗಳು ಪಂಕಜಾಕ್ಷಿ, ಅಂದರೆ ನಾನು. ಲಾರಿ ಡ್ರೈವರ್ ಹುಸೇನ್ ಸಾಬರ ಮಗಳು ಮಸೂದಾ. ನನಗೆ ಹಾಸನದ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳಿಗೆ ಸಕಲೇಶಪುರದಲ್ಲಿ ಟೀಚರ್ ಟ್ರೈನಿಂಗ್ ಸಿಕ್ಕಿತು. ಹಾಸನ ಪೂರ್ವಕ್ಕೆ, ಸಕಲೇಶಪುರ ಪಶ್ಚಿಮಕ್ಕೆ. ನಮ್ಮ ಎಸ್ಟೇಟೋ, ಬಸ್ಸು ಎಂಬ ವಸ್ತುವಿನ ಮುಖ ನೋಡಲು ಆರು ಮೈಲಿ ನಡೆಯಬೇಕಾದ ಜಾಗದಲ್ಲಿತ್ತು.

"ಒಬ್ಬಳೇ ರೂಮು ಮಾಡ್ಕೊಂಡು ಇರೋದಕ್ಕೆ ನಾನು ಒಪ್ಪಲ್ಲ" ಎಂದರು ಅಮ್ಮ. "ಮಸೂದಾ ಜೊತೇಲಿದ್ರೆ ನೋಡೋಣ."

ಆ ಕಡೆ ಮಸೂದಾಳ ಅಜ್ಜಿ ಬೀಬಿಜಾನ್ ಹೇಳಿದ್ದೂ ಅದನ್ನೇ. "ಪಂಕಜಾ ಇದ್ರೆ ಕಳಿಸ್ತೀನಿ. ಆ ಹುಡುಗಿ ಬಾಯೇ ಬಿಡಲ್ಲ. ನಮ್ಮವಳಿಗೆ ಜಗಳ ಆಡೋಕೆ ಜನ ಸಿಗಲ್ಲ."

ಹೀಗೆ ಕಾಲೇಜು ಎರಡು, ರೂಮು ಒಂದು ಎಂದು ತೀರ್ಮಾನವಾಯಿತು. ಆಮೇಲೆ ಷರತ್ತುಗಳು ಬಂದವು. ಮನೆಯಲ್ಲಿ ಹಿರಿಯ ಹೆಂಗಸು ಇರಬೇಕು. ಬಾಡಿಗೆ ಹತ್ತು ರೂಪಾಯಿ ದಾಟಬಾರದು. ಬಾವಿ ಹಿತ್ತಲೊಳಗೇ ಇರಬೇಕು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಮನೆಗೆ ಕೇಳಿಸಬೇಕು, ಇದು ಅಮ್ಮನದು. ಎರಡೂ ಕಡೆ ಫೀಸು ಕಟ್ಟಲು ಸೋಮವಾರ ಕೊನೆಯ ದಿನ. ಅಷ್ಟರೊಳಗೆ ರೂಮು ಸಿಗದಿದ್ದರೆ ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಯಿಂದ ಬಂದಿದ್ದ ಜಾತಕವನ್ನು ಅಮ್ಮ ದೇವರ ಗೂಡಿನಿಂದ ಹೊರಗೆ ತೆಗೆಯುವವರಿದ್ದರು. ಸಿಕ್ಕಿದರೆ ಕಾಲೇಜು, ಸಿಗದಿದ್ದರೆ ಅರಸೀಕೆರೆ.

"ಅಕ್ಕಾ, ಇದು ಅಳತೆ ವಿಚಾರ. ನನಗೆ ಬಿಡು" ಎಂದರು ಮಾವ.

ಮಾವ ಏನನ್ನೂ ಅಳೆಯದೆ ನಂಬಿದವರಲ್ಲ. ಬೆಳಿಗ್ಗೆ ಹಾಜರಿ ಕೂಗಿದರೆ ತಮ್ಮ ಧ್ವನಿ ಹತ್ತು ಚೈನು, ಅಂದರೆ ಆರುನೂರ ಅರವತ್ತು ಅಡಿ ದೂರದ ಆಳುಗಳ ಲೈನು ಮನೆಗಳವರೆಗೆ ಹೋಗುತ್ತದೆ ಎಂಬುದನ್ನು ಅವರು ಹಿಂದೆಯೇ ಚೈನು ಹಿಡಿದು ಅಳೆದಿಟ್ಟಿದ್ದರು. ಆದ್ದರಿಂದ ಅಮ್ಮನ ಷರತ್ತು ಆ ಕ್ಷಣದಲ್ಲೇ ಹತ್ತು ಚೈನು ಆಯಿತು. ಇನ್ನು ಊರು ಯಾವುದು? ಅದಕ್ಕೂ ಲೆಕ್ಕವಿತ್ತು. ಇಬ್ಬರಿಗೂ ಅನ್ಯಾಯವಾಗಬಾರದು. ಹಾಸನಕ್ಕೂ ಸಕಲೇಶಪುರಕ್ಕೂ ಸರಿಯಾಗಿ ಅರ್ಧ ದಾರಿಯಲ್ಲಿ ಮನೆ ಹಿಡಿಯಬೇಕು.

ಶನಿವಾರ ಬೆಳಿಗ್ಗೆ ಮಾವ ಖಾಕಿ ನಿಕ್ಕರು, ಕಾಲಿಗೆ ಪಟ್ಟಿ, ತಲೆಗೆ ಎಸ್ಟೇಟಿನ ಹಳೇ ದೊರೆ ಬಿಟ್ಟುಹೋದ ಟೋಪಿ ಹಾಕಿಕೊಂಡು ಹೊರಟರು. ಹೆಗಲ ಮೇಲೆ ಕಬ್ಬಿಣದ ಚೈನು. ಕಂಕುಳಲ್ಲಿ ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ. ನನ್ನ ಕೈಗೆ ಸುಣ್ಣದ ಡಬ್ಬಿ.

"ಇದು ಯಾಕೆ ರೈಟರ್ ಮಾವ?" ಎಂದಳು ಮಸೂದಾ.

"ಗುರುತಿಗೆ."

ಹುಸೇನ್ ಸಾಬರು ಲಾರಿಯಲ್ಲಿ ನಮ್ಮನ್ನು ಟಾರು ರಸ್ತೆಗೆ ತಂದು, ಮಾವ ಮೈಲಿಗಲ್ಲು ಎಣಿಸಿ ಎಣಿಸಿ 'ನಿಲ್ಲಿಸು' ಎಂದ ಕಡೆ ಇಳಿಸಿ ಹೋದರು. ಸರಿಯಾದ ಅರ್ಧ ದಾರಿ. ಅಲ್ಲಿ ಒಂದು ಗದ್ದೆ ಇತ್ತು. ಗದ್ದೆಯ ಬದುವಿನ ಮೇಲೆ ಒಂದು ಮೇಕೆ ಇತ್ತು. ಬೇರೇನೂ ಇರಲಿಲ್ಲ.

ಮಾವ ಸುತ್ತ ನೋಡಿದರು. "ಇಲ್ಲಿ ಒಂದು ಮನೆ ಇರಬೇಕಾಗಿತ್ತು" ಎಂದರು, ಯಾರೋ ಕೆಲಸ ತಪ್ಪಿಸಿಕೊಂಡು ಹೋಗಿದ್ದಾರೆ ಎನ್ನುವ ಹಾಗೆ.

"ಮೇಕೆ ಒಪ್ಪಿದ್ರೆ ನಂದೇನೂ ಅಭ್ಯಂತರ ಇಲ್ಲ" ಎಂದಳು ಮಸೂದಾ. "ಹಿರಿಯ ಹೆಂಗಸಿನ ಥರಾನೇ ಕಾಣ್ತಾಳೆ."

ಮಾವ ಅರ್ಧ ಗಂಟೆ ಆ ಗದ್ದೆ ಬಿಟ್ಟು ಕದಲಲಿಲ್ಲ. ಕೊನೆಗೆ ಮಸೂದಾಳೇ ರಾಜಿ ಮಾಡಿದಳು. "ಆಲೂರಲ್ಲಿ ಹಿಡಿಯೋಣ ಮಾವ. ಪಂಕಜಾಗೆ ಹತ್ರ ಆಗುತ್ತೆ, ನಂಗೆ ದೂರ ಆಗುತ್ತೆ. ನಾನು ಡ್ರೈವರ್ ಮಗಳು, ಬಸ್ಸಲ್ಲಿ ಕೂತಷ್ಟೂ ಖುಷಿ ನಂಗೆ."

ಮಾವ ಅದನ್ನು ಪುಸ್ತಕದಲ್ಲಿ ಬರೆದು ಅವಳ ಸೈನು ತೆಗೆದುಕೊಂಡರು. ಆಮೇಲೆ ಆಲೂರಿನ ಬಸ್ಸು ಹತ್ತಿದೆವು.

ಮಳೆ ಅವತ್ತು ಬಿಡುವು ಕೊಟ್ಟಿತ್ತು. ಬಸ್ ಸ್ಟ್ಯಾಂಡಿನ ಗೂಟಕ್ಕೆ ಚೈನಿನ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮಸೂದಾಳ ಕೈಗೆ ಕೊಟ್ಟು, "ಜಗ್ಗಿ ಹಿಡಿ" ಎಂದು ಕೂಗುತ್ತಾ ಮಾವ ಪೇಟೆ ಬೀದಿಯ ನಡುವೆ ನಡೆದರು. ಎತ್ತಿನ ಗಾಡಿಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ಜನ ಅಂಗಡಿಯಿಂದ ಎದ್ದು ನಿಂತರು. ಒಬ್ಬರು ಮುದುಕರು ಚಪ್ಪಲಿ ಬಿಟ್ಟು ಕೈ ಮುಗಿದರು. ಮಾವ ತಲೆಯಾಡಿಸಿದರು. ಗೌರವ ಯಾವತ್ತೂ ಅವರಿಗೆ ಭಾರ ಅನ್ನಿಸಿದ್ದಿಲ್ಲ.

ಮೊದಲನೇ ಮನೆಯೇ ಹೇಳಿ ಮಾಡಿಸಿದ ಹಾಗಿತ್ತು. ಎಂಟೂವರೆ ಚೈನು. ಹಿತ್ತಲಲ್ಲಿ ಬಾವಿ. ಬೀದಿ ಕಡೆಗೆ ಖಾಲಿ ಬಿದ್ದ ಒಂದು ರೂಮು. ಒಳಗೆ ಹಿರಿಯ ಹೆಂಗಸು, ಒಬ್ಬರೇ. ಅವರೇ ಗುರುಶಾಂತಮ್ಮ. ಕೈಯಲ್ಲಿ ಮೊರ ಹಿಡಿದುಕೊಂಡೇ ಹೊರಗೆ ಬಂದು ನಮ್ಮಿಬ್ಬರನ್ನು ಅಕ್ಕಿಯೊಳಗಿನ ಕಲ್ಲು ಹುಡುಕುವ ಹಾಗೆ ನೋಡಿದರು.

"ನಿನ್ನ ಹೆಸರೇನವ್ವ?"

ನಾನು ಸುಣ್ಣದ ಡಬ್ಬಿಯೊಳಗೆ ನೋಡಿದೆ.

"ಅವಳು ಪಂಕಜಾಕ್ಷಿ, ನಾನು ಮಸೂದಾ. ಅವಳು ಹಾಸನ, ನಾನು ಸಕಲೇಶಪುರ. ನಿಮ್ಮ ಬಾವಿ ಎಷ್ಟು ಆಳ ಅಜ್ಜಿ? ರಾಟೆ ಕಿರುಗುಟ್ಟುತ್ತಾ? ನಮ್ಮಪ್ಪನ ಹತ್ರ ಗ್ರೀಸ್ ಐತೆ, ನಾನು ತಂದು..."

"ಬ್ಯಾಡ" ಎಂದರು ಗುರುಶಾಂತಮ್ಮ.

"ಅಲ್ಲಮ್ಮಾ, ಒಳ್ಳೇ ಹುಡುಗೀರು" ಎಂದರು ಮಾವ.

"ಒಬ್ಬಳು ಬಾಯಿ ಬಿಡಾಕಿಲ್ಲ, ಇನ್ನೊಬ್ಬಳು ಮುಚ್ಚಾಕಿಲ್ಲ. ಇವರಿಬ್ಬರ ಮಧ್ಯೆ ನಾನೇನು ಮಾಡ್ಲಿ? ಬ್ಯಾಡ, ಹೋಗಿ." ಬಾಗಿಲು ಹಾಕಿಯೇಬಿಟ್ಟರು.

ಮಾವ ಮುಚ್ಚಿದ ಬಾಗಿಲನ್ನು ನೋಡಿದರು. ಬೀದಿಯ ಎಲ್ಲ ಮನೆಗಳನ್ನೂ ನೋಡಿದರು. ಅವರ ಕಷ್ಟ ಏನೆಂದರೆ, ಮರವಾಗಿದ್ದರೆ ಅತ್ತಿ, ಹಲಸು, ಸಿಲ್ವರು ಎಂದು ದೂರದಿಂದಲೇ ಹೇಳುತ್ತಿದ್ದರು; ಮನೆಗಳೆಲ್ಲ ಅವರಿಗೆ ಒಂದೇ ಜಾತಿ. ನೋಡಿದ ಮನೆಗೇ ಮತ್ತೆ ಹೋಗಿ ಬೈಸಿಕೊಳ್ಳಬಾರದಲ್ಲ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಬಾಗಿಲ ಪಕ್ಕದ ಗೋಡೆಯ ಮೇಲೆ ಮೊಳದುದ್ದ ಒಂದು ಇಂಟು ಮಾರ್ಕು ಎಳೆದರು.

ತೋಟದಲ್ಲಿ ಹಾಗೇ ನಡೆಯುವುದು. ನೆರಳಿನ ಮರ ಕಡಿಸುವಾಗ ರೈಟರು ಮುಂದೆ ಹೋಗಿ ಸುಣ್ಣದ ಗುರುತು ಹಾಕುತ್ತಾರೆ. ಸೊನ್ನೆ ಹಾಕಿದ್ದು ಉಳಿಯುತ್ತದೆ. ಇಂಟು ಹಾಕಿದ್ದು ಬೇಡ. ಮಾವನ ಸುಣ್ಣಕ್ಕೆ ಬೇರೆ ಅವರದೇ ಒಂದು ಅಂಟಿನ ಪಾಕ ಸೇರುತ್ತಿತ್ತು. ಮೂರು ಮಳೆಗಾಲ ಹೊಯ್ದರೂ ಅದು ಅಳಿಯುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಬೀದಿಯಲ್ಲಿ ಹದಿನಾಲ್ಕು ಇಂಟು ಬಿದ್ದಿದ್ದವು. ಒಂದು ಕಡೆ ಬಾವಿ ಇಲ್ಲ. ಒಂದು ಕಡೆ ಬಾಡಿಗೆ ಇಪ್ಪತ್ತು. ಒಂದು ಕಡೆ ಹಿರಿಯ ಹೆಂಗಸು ಇದ್ದರು, ಆದರೆ ಅವರ ಐದು ಜನ ಗಂಡುಮಕ್ಕಳೂ ಇದ್ದರು. ಸೊನ್ನೆಯ ಯೋಗ ಯಾವ ಮನೆಗೂ ಬರಲಿಲ್ಲ. ನಾವು ಸೋತು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಹೊರಗೆ ಆಲೂರು ತನ್ನ ಪಾಡಿಗೆ ತಾನು ಕುದಿಯುತ್ತಿತ್ತು.

ಬೀದಿಯಲ್ಲಿ ಕೆಂಚಮ್ಮ ಎಂಬ ಹೆಂಗಸಿದ್ದಳು. ಪ್ರತಿ ವರ್ಷ ಕಾಫಿ ಕೊಯ್ಲಿಗೆ ತೋಟಗಳಿಗೆ ಹೋಗಿ ಬರುವವಳು. ಗೋಡೆ ಗೋಡೆಯ ಮುಂದೆ ನಿಂತು ನೋಡಿ ಅವಳು ತೀರ್ಪು ಕೊಟ್ಟಳು.

"ಇಂಟು ಹಾಕವ್ರೆ ಅಂದ್ರೆ ಕೆಡವೋದು ಕಣ್ರಪ್ಪೋ. ಹದಿನೈದು ವರ್ಷದಿಂದ ತೋಟದಾಗೆ ನೋಡ್ತಾ ಇವ್ನಿ. ಬೆಳಿಗ್ಗೆ ಇಂಟು, ಸಂಜೆಗೆ ಮರ ನೆಲದ ಮ್ಯಾಲೆ."

"ಮನೆ ಯಾಕಮ್ಮ ಕೆಡವ್ತಾರೆ?"

"ಚೈನು ಎಳೀತಾ ಇಲ್ವಾ? ಮಂಗಳೂರಿಗೆ ರೈಲು ಬರ್ತೈತೆ ಅಂತ ಎಷ್ಟು ವರ್ಷದಿಂದ ಹೇಳ್ತಾವ್ರೆ! ಬಂತು, ತಗೊಳ್ಳಿ."

ಈ ಸುದ್ದಿ ತಾಲ್ಲೂಕು ಆಫೀಸಿನ ಮರದ ಕೆಳಗೆ ಅರ್ಜಿ ಬರೆಯುವ ಗುಂಡಯ್ಯನವರನ್ನು ತಲುಪಿತು. ಅವರು ಮನೆಗೆ ಓಡಿ ನೋಡಿದರೆ ತಮ್ಮ ಗೋಡೆಯ ಮೇಲೂ ಇಂಟು! ಒದ್ದೆ ಬಟ್ಟೆಯಲ್ಲಿ ಉಜ್ಜಿದರು, ತೆಂಗಿನ ನಾರಿನಲ್ಲಿ ಉಜ್ಜಿದರು. ಗಾರೆ ಎದ್ದು ಬಂತು, ಇಂಟು ಬರಲಿಲ್ಲ. "ಗೌರ್ಮೆಂಟ್ ಸುಣ್ಣ!" ಎಂದು ಅವರು ಕೂಗಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಗುಂಡಯ್ಯನವರು ಐದಾರು ಜನರನ್ನು ಕಟ್ಟಿಕೊಂಡು ಹೋಟೆಲಿಗೇ ಬಂದರು.

"ಸ್ವಾಮೀ, ಈ ಇಂಟು ಹಾಕಿರೋ ಮನೆಗಳ ಗತಿ?"

ಮಾವನಿಗೆ ಬಾಯಲ್ಲಿ ಇಡ್ಲಿ ಇತ್ತು. ನುಂಗಿ, ಗಂಭೀರವಾಗಿ, "ಅವು ಇಲ್ಲ ಅಂತ ತಿಳ್ಕೊಂಡುಬಿಡಿ" ಎಂದರು.

"ಎಷ್ಟು ದಿನದೊಳಗೆ?"

"ಸೋಮವಾರದೊಳಗೆ ನಮಗೆ ಇತ್ಯರ್ಥ ಆಗಬೇಕು."

"ಇನ್ನೊಂದು ಸಲ ನೋಡಬಾರದಾ ಸ್ವಾಮಿ? ಮಕ್ಕಳೊಂದಿಗ..."

"ಒಂದು ಸಲ ಇಂಟು ಹಾಕಿದ ಮೇಲೆ ನಾನು ತಿರುಗಿ ನೋಡೋನಲ್ಲ. ಮೂವತ್ತು ವರ್ಷದಿಂದ ಇದೇ ನನ್ನ ಪದ್ಧತಿ."

ಬಂದವರು ಹಾಗೆಯೇ ಹಿಂದೆ ಹಿಂದೆ ನಡೆದು ಹೊರಗೆ ಹೋದರು. "ಮನೆ ಬಾಡಿಗೆಗೆ ಕೊಡೋಕೆ ಎಷ್ಟು ಆಸೆ ನೋಡು ಈ ಊರಿನವರಿಗೆ" ಎಂದು ಮಾವ ಚಟ್ನಿ ತರಿಸಿದರು. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾಣಿ ಕಾಫಿ ತಂದ. ಮುಚ್ಚಿದೆ.

ಹೊರಗೆ ಬಂದು ನೋಡಿದರೆ ಬೀದಿ ಬೀದಿಯಾಗಿ ಉಳಿದಿರಲಿಲ್ಲ. ಒರಳು, ಹಂಡೆ, ತೊಟ್ಟಿಲು, ದೇವರ ಪಟ ಎಲ್ಲ ಬಿಸಿಲಿಗೆ ಬಂದಿದ್ದವು. ಗುಂಡಯ್ಯನವರು ಜಗಲಿಯ ಮೇಲೆ ಕೂತು 'ಘನ ಸರ್ಕಾರದ ಪಾದಾರವಿಂದಗಳಲ್ಲಿ' ಎಂದು ಒಂದಾದ ಮೇಲೊಂದು ಅರ್ಜಿ ಬರೆಯುತ್ತಿದ್ದರು. ಎಡಗಡೆಯ ಸಾಲಿನವರದು ಮನೆ ಉಳಿಸಿಕೊಡಿ ಎಂದು. ಬಲಗಡೆಯ ಸಾಲು ಹಿಂದಿನ ಬೀದಿಯವರದು. ಹಿಂದಿನ ಬೀದಿ ಹತ್ತು ಚೈನಿನ ಆಚೆ ಇದ್ದುದರಿಂದ ಮಾವ ಅಲ್ಲಿಗೆ ಕಾಲೇ ಇಟ್ಟಿರಲಿಲ್ಲ.

"ನಮ್ಮ ಮನೆಗಳ ಮ್ಯಾಲೆ ಯಾಕೆ ರೈಲು ಇಲ್ಲ?" ಎಂದು ಅವರು ಮಾವನನ್ನು ಅಡ್ಡಗಟ್ಟಿದರು. "ಪರಿಹಾರ ಎಲ್ಲಾ ಮುಂದಿನ ಬೀದಿಯವರಿಗೇನಾ? ಹಾಕಿ ಸ್ವಾಮಿ ನಮಗೂ ಒಂದೊಂದು ಇಂಟು!"

ಗುರುಶಾಂತಮ್ಮನವರ ಮನೆಯ ಮೇಲಂತೂ ನಾಲ್ಕು ಜನ ಹತ್ತಿ ಹೆಂಚು ಇಳಿಸುತ್ತಿದ್ದರು. ಅವರು ಅಂಗಳದಲ್ಲಿ ಸೆರಗು ಬಿಗಿದು ನಿಂತು ಎಣಿಸಿ ಜೋಡಿಸುತ್ತಿದ್ದರು. "ನನ್ನ ಗಂಡ ಮಂಗಳೂರಿಂದ ತರಿಸಿದ ಹೆಂಚು. ರೈಲು ಬೇಕಾದ್ರೆ ಮನೆ ಮ್ಯಾಲೆ ಹೋಗ್ಲಿ, ಹೆಂಚಿನ ಮ್ಯಾಲೆ ಹೋಗಾಕೆ ಬುಡಾಕಿಲ್ಲ!"

ಮಾವ ದಿಗ್ಭ್ರಮೆಗೊಂಡು, "ಯಾವ ರೈಲು?" ಎಂದರು. ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಸರ್ಕಾರದವರು ಹಾಗೇ ಹೇಳುವುದು ಎಂದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಜವಾನನ ಕೈಲಿ ಕುರ್ಚಿ ಹೊರಿಸಿಕೊಂಡು ಕಂದಾಯ ಇಲಾಖೆಯ ಶೇಕ್ದಾರರು ಬಂದರು. ಮಾವನ ಟೋಪಿ ನೋಡಿದರು, ಚೈನು ನೋಡಿದರು. ಇಷ್ಟು ದೊಡ್ಡ ಕೆಲಸದ ಕಾಗದ ತಮಗೆ ಬಂದಿಲ್ಲ ಎಂದು ಊರ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಸರ್ಕ್ಯುಲರ್ ಬಂದಿದೆ, ಬಂದಿದೆ" ಎಂದು ಜನರಿಗೆ ಕೈ ತೋರಿಸಿದರು. "ನಾನೇ ಓದಿ ಒಳಗಿಟ್ಟಿದ್ದೀನಿ. ಕೂತ್ಕೊಳಿ ಸಾರ್. ಒಂದು ಎಳನೀರು ತಗೊಳಿ."

ಮಾವ ಕೂತರು. ಎಳನೀರು ಕುಡಿದರು. ಇಷ್ಟು ಮರ್ಯಾದೆ ಅವರಿಗೆ ಯಾವ ದೊರೆಯೂ ಮಾಡಿರಲಿಲ್ಲ. ರೂಮು ಹುಡುಕಲು ಬಂದ ವಿಷಯ ಅವರಿಗೇ ಅರ್ಧ ಮರೆತು ಹೋದ ಹಾಗಿತ್ತು.

"ತಮ್ಮ ಫೀಲ್ಡ್ ಬುಕ್ ಒಂದು ಸಲ ನೋಡಬಹುದಾ ಸಾರ್?"

ಮಾವ ಹೆಮ್ಮೆಯಿಂದ ಚೆಕ್‌ರೋಲ್ ಕೊಟ್ಟರು. ಶೇಕ್ದಾರರು ಗಂಟಲು ಸರಿಮಾಡಿಕೊಂಡರು. ಊರು ಸುತ್ತ ಮುತ್ತಿತು.

"ಮನೆ ನಂಬರ್ ಆರು. ಒಂಬತ್ತು ಚೈನು. ಬಾವಿ ಇದೆ, ಹಗ್ಗ ಇಲ್ಲ. ಎದುರಿಗೆ ಹೋಟೆಲು. ಯಜಮಾನರು ಮನೆಯಲ್ಲಿಲ್ಲ, ಫೋಟೋದಲ್ಲಿ ಜಗಳಗಂಟರ ಹಾಗೆ ಕಾಣುತ್ತಾರೆ. ಬೇಡ."

"ಅದು ನಮ್ಮನೆ!" ಎಂದರು ಗುಂಡಯ್ಯ.

ಶೇಕ್ದಾರರು ಪುಟ ತಿರುಗಿಸಿದರು. "ನಂಬರ್ ಒಂಬತ್ತು. ಅಜ್ಜಿ ಒಳ್ಳೆಯವರು, ಕಿವಿ ಕೇಳದು. ಕೂಗಿದರೆ ಪ್ರಯೋಜನವಿಲ್ಲ. ಬೇಡ." ತಲೆಯೆತ್ತಿದರು. "ರೈಲ್ವೆಯವರದು ಬಹಳ ಸೂಕ್ಷ್ಮ ನೋಡ್ರಯ್ಯ. ಎಂಜಿನ್ ಸೀಟಿ ಕೇಳಬೇಕಲ್ಲ ಅಜ್ಜಿಗೆ." ಮತ್ತೆ ಪುಸ್ತಕ ನೋಡಿದರು. ಮುಖ ಸ್ವಲ್ಪ ಬೆವರಿತು. "ಸಾರ್, ಈ 'ಮೇಕೆ ಮಾತ್ರ' ಅಂತ ಮೊದಲನೇ ಪುಟದಲ್ಲಿ..."

ಮಾವ ಬಾಯಿ ತೆರೆಯುವ ಮೊದಲೇ ಮಸೂದಾ ಮಾತಾಡಲು ಹೋದಳು. ಆದರೆ ಬೆಳಗಿನಿಂದ ಊರೆಲ್ಲ ಮಾತಾಡಿ ಮಾತಾಡಿ ಅವಳ ಗಂಟಲು ಕಟ್ಟಿತ್ತು. ಬರೀ ಗಾಳಿ ಬಂತು. ಅವಳು ಹುಟ್ಟಿದಾಗಿನಿಂದ ಹಾಗಾಗಿದ್ದು ಅದೇ ಮೊದಲು. ನನ್ನ ಕಡೆ ತಿರುಗಿ ಎರಡೂ ಕೈಯಲ್ಲಿ ನನ್ನನ್ನು ಮುಂದಕ್ಕೆ ದಬ್ಬಿದಳು.

ಮೇಲೆ ನೋಡಿದೆ. ಗುರುಶಾಂತಮ್ಮನವರ ಮನೆಯ ಬೀದಿ ರೂಮಿನ ಮೇಲೆ ಒಂದೂ ಹೆಂಚು ಉಳಿದಿರಲಿಲ್ಲ. ನಾನು ಓದಬೇಕೆಂದುಕೊಂಡಿದ್ದ ರೂಮು. ಅದರೊಳಗೆ ಆಕಾಶ ಕಾಣುತ್ತಿತ್ತು. ಆಕಾಶದ ಆಚೆ ಅರಸೀಕೆರೆ ಕಾಣುತ್ತಿತ್ತು.

"ರೈಲು ಇಲ್ಲ" ಎಂದೆ.

"ಏನಂದ್ಯವ್ವ? ಜೋರಾಗಿ ಹೇಳು!"

"ರೈಲು ಇಲ್ಲ! ನಾವು ಬಾಡಿಗೆಗೆ ರೂಮು ನೋಡೋಕೆ ಬಂದೋರು! ಇವರು ನಮ್ಮ ಮಾವ, ಕಾಫಿ ಎಸ್ಟೇಟ್ ರೈಟರು! ಇಂಟು ಅಂದ್ರೆ ಈ ಮನೆ ನಮಗೆ ಬೇಡ ಅಂತ, ಅಷ್ಟೇ!"

ಆಮೇಲೆ ಮಾವ ಅಳೆದರು: ನನ್ನ ಧ್ವನಿ ಅವತ್ತು ಹನ್ನೆರಡು ಚೈನು ಹೋಗಿತ್ತು.

ಶೇಕ್ದಾರರು "ನಾನು ಆ ಸರ್ಕ್ಯುಲರ್‌ನಲ್ಲೇ ಓದಿದ್ದೆ, ರೈಲು ಇಲ್ಲ ಅಂತ" ಎಂದು ಕುರ್ಚಿ ಎತ್ತಿಸಿಕೊಂಡು ಹೊರಟುಹೋದರು. ಮನೆ ಉಳಿಯಿತಲ್ಲ ಎಂದು ಜನ ಸಂತೋಷಪಡುತ್ತಾರೆ, ಇನ್ನು ಬೈದು ಕಳಿಸುತ್ತಾರೆ ಎಂದುಕೊಂಡೆ. ಆಲೂರಿನವರನ್ನು ನಾನು ತಿಳಿದಿರಲಿಲ್ಲ.

"ಏನು? ನಮ್ಮನೆ ಬ್ಯಾಡವಾ?" ಎಂದರು ಗುಂಡಯ್ಯ, ಲೇಖನಿ ಎತ್ತಿ. "ಸರ್ಕಾರ ಕೆಡವೋದಾದ್ರೆ ಕೆಡವ್ಲಿ, ಅದು ಬ್ಯಾರೆ. ಒಬ್ಬ ತೋಟದ ರೈಟರು ಬಂದು ನನ್ನ ಮನೆ ಬ್ಯಾಡ ಅನ್ನೋದಾ? ಏನಾಗೈತೆ ನಮ್ಮನೆಗೆ? ಹಗ್ಗ ತಾನೆ? ಲೇ, ತರ್ರೋ ಹಗ್ಗ!"

"ನಮ್ಮತ್ತೆಗೆ ಕಿವಿ ಕೇಳಿಸ್ತೈತೆ! ಬೇಕಾದಾಗ ಕೇಳಿಸ್ತೈತೆ!"

"ಇಪ್ಪತ್ತು ಅಂದಿದ್ದು ಸುಮ್ನೆ ಕಣ್ರೀ! ಎಂಟು ಕೊಡಿ!"

"ನಮ್ಮನೇಲಿ ಏಳು!"

ಐದು ಗಂಡುಮಕ್ಕಳ ತಾಯಿಯಂತೂ ಮೂವರನ್ನು ಹೊಲದ ಗುಡಿಸಲಿಗೆ ಅಟ್ಟುತ್ತೇನೆ, ಇಬ್ಬರನ್ನು ಸಹಿಸಿಕೊಳ್ಳಿ ಎಂದರು. ಹಿಂದಿನ ಬೀದಿಯವರು ಬಸ್ ಸ್ಟ್ಯಾಂಡನ್ನೇ ಎರಡು ಚೈನು ಈಚೆಗೆ ತರುವ ಮಾತಾಡಿದರು. ಒಬ್ಬರು ನನ್ನ ಎಡಗೈ ಹಿಡಿದು ಬಾವಿ ನೀರು ಕುಡಿಸಿದರು, ಇನ್ನೊಬ್ಬರು ಬಲಗೈ ಹಿಡಿದು ಮಜ್ಜಿಗೆ ಕುಡಿಸಿದರು. ಮಸೂದಾಗೆ ಗಂಟಲಿಗೆಂದು ಮೂರು ಮನೆಯಿಂದ ಮೆಣಸಿನ ಕಷಾಯ ಬಂತು.

ಈ ಎಳೆದಾಟದ ನಡುವೆ ಗುರುಶಾಂತಮ್ಮನವರು ಹೆಂಚಿನ ರಾಶಿ ದಾಟಿ ಬಂದರು. ಜನ ದಾರಿ ಬಿಟ್ಟರು. ಅವರು ನೆಟ್ಟಗೆ ಮಾವನ ಮುಂದೆ ನಿಂತರು.

"ಏನ್ರೀ ರೈಟರೇ, ನನ್ನ ಗೋಡೆ ಮ್ಯಾಲೂ ಇಂಟು ಹಾಕಿದ್ದು ನೀವೇ ತಾನೆ?"

"ನೀವೇ ಬೇಡ ಅಂದ್ರಲ್ಲಮ್ಮ."

"ಬ್ಯಾಡ ಅಂದಿದ್ದು ನಾನು. ನನ್ನ ಮನೆ, ನನ್ನ ಬಾಯಿ. ನಾನು ಬ್ಯಾಡ ಅಂದ ಮ್ಯಾಲೆ ನೀವ್ಯಾರು ಬ್ಯಾಡ ಅನ್ನೋಕೆ? ಒಂದು ಮನೆಗೆ ಎಷ್ಟು ಜನ ಬ್ಯಾಡ ಅನ್ನಬೇಕು?"

ಮಾವ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಗುರುಶಾಂತಮ್ಮನವರು ನನ್ನ ಕಡೆ ತಿರುಗಿದರು.

"ಬಾಯಿ ಬಿಡಾಕಿಲ್ಲ ಅಂದುಕೊಂಡಿದ್ದೆ. ಬಿಟ್ಟಳು ನೋಡು, ಊರೇ ನಿಂತುಬುಡ್ತು. ಆ ಇನ್ನೊಬ್ಬಳಿಗೆ ಗಂಟಲು ಕಟ್ಟೈತೆ. ಹಿಂಗೇ ಇಬ್ಬರೂ ಅರ್ಧರ್ಧ ಹಂಚ್ಕೊಂಡು ಮಾತಾಡೋದಾದ್ರೆ ನನ್ನ ಮನೆಗೆ ಸರಿಹೋಗ್ತೀರಿ. ಬಾಡಿಗೆ ಎಂಟು. ಮಾಂಸ ಮೊಟ್ಟೆ ಹೊಸಿಲು ದಾಟಂಗಿಲ್ಲ. ಸೋಮವಾರ ಬೆಳಿಗ್ಗೆ ಬನ್ನಿ."

"ಹೆಂಚು?" ಎಂದೆ.

"ಇಳಿಸಿದೋರು ಏರಿಸ್ತಾರೆ. ಲೇ, ಹತ್ರೋ!"

ಗುಂಡಯ್ಯನವರ ಅರ್ಜಿಯ ಎರಡು ಸಾಲುಗಳೂ ಸೇರಿ ಒಂದೇ ಸಾಲಾಗಿ ಕೈಯಿಂದ ಕೈಗೆ ಹೆಂಚು ದಾಟಿಸಿದವು.

ಉಳಿದದ್ದು ಗೋಡೆಯ ಮೇಲಿನ ಇಂಟು. ಅದನ್ನು ಅಳಿಸಲು ಸಾಧ್ಯವಿರಲಿಲ್ಲ. ಸೊನ್ನೆ ಮಾಡಿ ಎಂದರೆ ಮಾವ ಕೇಳಲಿಲ್ಲ. "ಒಂದು ಸಲ ಹಾಕಿದ ಗುರುತು ತಿದ್ದಬೇಕಾದ್ರೆ ದೊರೆ ಸೈನು ಬೇಕಮ್ಮ. ನನಗೆ ಅಧಿಕಾರ ಇಲ್ಲ." ಗುರುಶಾಂತಮ್ಮನವರು ಅವರ ಕೈಯಿಂದ ಡಬ್ಬಿ ಕಿತ್ತು ನನಗೆ ಕೊಟ್ಟರು. "ಓದೋ ಹುಡುಗಿ ನೀನು ಬರಿ." ನಾನು ಇಂಟಿನ ಸುತ್ತ ದೊಡ್ಡದೊಂದು ಸೊನ್ನೆ ಬರೆದೆ. ಅಮ್ಮ ಜಾತಕವನ್ನು ಅರಸೀಕೆರೆಗೆ ಹಿಂದಕ್ಕೆ ಕಳಿಸಿದರು. ಸೋಮವಾರ ಬೆಳಿಗ್ಗೆ ನಾನು ಪೂರ್ವದ ಬಸ್ಸು ಹತ್ತಿದೆ, ಮಸೂದಾ ಪಶ್ಚಿಮದ ಬಸ್ಸು ಹತ್ತಿದಳು. ಅವಳ ಬಸ್ಸು ಕಣ್ಮರೆಯಾದ ಮೇಲೂ ಅವಳು ಕಂಡಕ್ಟರ ಜೊತೆ ಮಾತಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ನಾಲ್ಕನೇ ವರ್ಷ, ನನ್ನ ಬಿ.ಎ. ಪರೀಕ್ಷೆಗೆ ಹದಿನೈದು ದಿನ ಇರುವಾಗ, ಬೀದಿಯಲ್ಲಿ ಮತ್ತೆ ಚೈನಿನ ಸದ್ದು. ಜಗಲಿಯ ಮೇಲೆ ಓದುತ್ತಾ ಕೂತಿದ್ದೆ. ಮೂರು ಕಾಲಿನ ದುರ್ಬೀನು ಹೊತ್ತ ಇಬ್ಬರು ನಮ್ಮ ಗೋಡೆಯ ಮುಂದೆ ನಿಂತರು. ಸೊನ್ನೆಯೊಳಗಿನ ಇಂಟನ್ನು ಬಹಳ ಹೊತ್ತು ನೋಡಿದರು.

"ಇದು ಯಾವ ಆಫೀಸಿನ ಗುರುತಮ್ಮ?" ಎಂದರು ಒಬ್ಬರು. "ನಾವು ರೈಲ್ವೆಯವರು."

ನಾನು ಪುಸ್ತಕದೊಳಗೆ ನೋಡಿದೆ. ಒಳಗಿನಿಂದ ಗುರುಶಾಂತಮ್ಮನವರ ಧ್ವನಿ ಬಂತು.

"ಪಂಕಜಾ! ಹೋದ ಸಲ ನೀನು ಬಾಯಿ ಬಿಡೋ ಹೊತ್ತಿಗೆ ನನ್ನ ಹೆಂಚೆಲ್ಲ ಕೆಳಗಿತ್ತು. ಈ ಸಲ ಬೇಗ ಹೇಳೇ!"

ನಾನು ಎದ್ದು ನಿಂತೆ.

"ಈ ಮನೆ ಆಗಲೇ ನೋಡಿ ಆಗಿದೆ" ಎಂದೆ. "ರೂಮು ಖಾಲಿ ಇಲ್ಲ."